ಹುಟ್ಟಿದ ಗಳಿಗೆ ಯಾರದು?

ಆಲೂರು ಕಡೆಯ ನಮ್ಮ ಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಹಾಲಿನ ಡೇರಿಯ ಬಾಗಿಲು ತೆಗೆಯುತ್ತಿದ್ದವಳು ದೀಪಶ್ರೀ. ರಾಮಯ್ಯ, ಗಂಗಾಮಣಿಯರ ಒಬ್ಬಳೇ ಮಗಳು. ನೀರು ಬೆರೆಸಿದ ಹಾಲು ತಂದವರು ಯಾರೇ ಆಗಲಿ, "ಇದನ್ನ ಮನೇಲೇ ಕುಡೀರಿ ಚಿಕ್ಕಪ್ಪ" ಎಂದು ನಗುತ್ತಲೇ ವಾಪಸು ಕಳಿಸುತ್ತಿದ್ದಳು. ಊರಿಗೆ ಅವಳ ಮೇಲೆ ಅಂಜಿಕೆಯೂ ಇತ್ತು, ಅಕ್ಕರೆಯೂ ಇತ್ತು.

ಆನೇಮಹಲ್‌ನ ಮೋಹನ್ ಎಂಬ ಹುಡುಗ ಅವಳನ್ನು ನೋಡಿ ಒಪ್ಪಿದ. ಅವನ ತಂದೆ ಭೂತಯ್ಯ ಜಾತಕ ಕೇಳಿದಾಗ ಗಂಗಾಮಣಿ, "ಬರೆಸಿಲ್ಲ ಕಣ್ರೀ" ಎಂದಳು. ಭೂತಯ್ಯ ಅಷ್ಟಕ್ಕೇ ಬಿಡಲಿಲ್ಲ. ಸಂಬಂಧ ಕುದುರಿಸುವ ವೀರಭದ್ರಯ್ಯನನ್ನು ಕರೆದು, "ವಿಚಾರಿಸ್ಕೊಂಡು ಬಾ" ಎಂದ.

ಈ ವಿಚಾರಿಸುವುದು ಏನೆಂದು ಓದುಗರಿಗೆ ಹೇಳಬೇಕು. ಹುಡುಗಿ ಹುಟ್ಟಿದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗುಮಾಸ್ತನಿಗೆ ಟೀ ಕುಡಿಸಿ, ಹೆರಿಗೆ ದಾಖಲೆಯಿಂದ ಹುಟ್ಟಿದ ದಿನ, ಗಳಿಗೆ ಕೇಳಿಕೊಂಡು ಬಂದು ಜೋಯಿಸರ ಮುಂದಿಡುವುದು. ಹುಡುಗಿಯನ್ನಾಗಲಿ ಹೆತ್ತವಳನ್ನಾಗಲಿ ಒಂದು ಮಾತು ಕೇಳುವುದಿಲ್ಲ. ಗಂಡಿನ ದಾಖಲೆಯನ್ನಂತೂ ಯಾರೂ ತೆಗೆಸುವುದಿಲ್ಲ. ಬೇರೆಯವರ ಬೆಲ್ಲಕ್ಕೆ ಕೈ ಹಾಕಿದರೆ ಕಳ್ಳತನ ಎನ್ನುವ ಜನ, ಇದಕ್ಕೆ ಮಾತ್ರ ಹಿರಿಯರ ಜವಾಬ್ದಾರಿ ಎನ್ನುತ್ತಾರೆ.

ವೀರಭದ್ರಯ್ಯ ತಂದ ಸುದ್ದಿ: ಮೂಲಾ ನಕ್ಷತ್ರ. "ಮೂಲದ ಹೆಣ್ಣು ಮಾವನಿಗೆ ಮೃತ್ಯು" ಎಂದು ಭೂತಯ್ಯ ಸಂಬಂಧ ಮುರಿದ. ಮೋಹನ್ ಅಪ್ಪನಿಗೆ ಎದುರಾಡಲಿಲ್ಲ. ವೀರಭದ್ರಯ್ಯನ ಬಾಯಿ ನಿಲ್ಲಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಅದೇ ಮಾತಾಯಿತು.

ಒಂದು ಬೆಳಿಗ್ಗೆ ಡೇರಿಯಲ್ಲಿ ನಂಜಮ್ಮ ತನ್ನ ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡಳು. "ನೀ ಮುಟ್ಟಬ್ಯಾಡ ಕಣವ್ವ. ನಮ್ಮ ಮಾವಯ್ಯಂಗೆ ಹುಷಾರಿಲ್ಲ." ಜೋಯಿಸರ ಶಾಸ್ತ್ರದಲ್ಲೂ ಇಲ್ಲದ ಭಯ ಅದು. ದೀಪಶ್ರೀಯ ಚಾಚಿದ ಕೈ ಹಾಗೇ ನಿಂತಿತು.

ಮನೆಯಲ್ಲಿ ರಾಮಯ್ಯ ಹೆಂಡತಿಯ ಮೇಲೆ ಹರಿಹಾಯ್ದ. "ಒಂದು ಗಳಿಗೆ ತಡೆದು ಹೆರೋಕೆ ಆಗ್ಲಿಲ್ವಾ ನಿಂಗೆ?"

ಗಂಗಾಮಣಿ ಎದುರಿಗಿದ್ದ ತಟ್ಟೆ ಸರಿಸಿ ಎದ್ದುಹೋದಳು. ಆಮೇಲೆ ಅವಳು ಗಂಡನೊಂದಿಗೆ ಕೂತು ಉಣ್ಣಲಿಲ್ಲ.

ಸ್ವಲ್ಪ ದಿನಕ್ಕೆ ವೀರಭದ್ರಯ್ಯ ಮತ್ತೆ ಬಂದ. "ಬಿಸಿಲೆ ಕಡೆ ಒಂದು ಗಂಡು ಐತೆ ರಾಮಣ್ಣ. ಎರಡನೇ ಸಂಬಂಧ, ನಲವತ್ತು ದಾಟೈತೆ. ಆದ್ರೆ ಅಪ್ಪ ತೀರ್ಕೊಂಡುಬುಟ್ಟವ್ನೆ. ಮಾವನೇ ಇಲ್ದ ಮ್ಯಾಲೆ ಮೂಲ ಯಾರನ್ನ ನುಂಗ್ತದೆ ಮಾರಾಯ?"

"ಭಾನುವಾರ ಕರ್ಕೊಂಡ್ ಬಾ" ಎಂದ ರಾಮಯ್ಯ.

ಮರುದಿನವೇ ದೀಪಶ್ರೀ ತಾನು ಹುಟ್ಟಿದ ಆಸ್ಪತ್ರೆಗೆ ಹೋಗಿ ಗುಮಾಸ್ತನ ಎದುರು ನಿಂತು, ತನ್ನ ಹುಟ್ಟಿದ ಗಳಿಗೆಯನ್ನು ವೀರಭದ್ರಯ್ಯನಿಗೆ ಯಾಕೆ ಹೇಳಿದಿರಿ ಎಂದು ಕೇಳಿದಳು.

"ಎಲ್ರೂ ಕೇಳ್ತಾರೆ, ಹೇಳ್ತೀವಿ" ಎಂದ ಅವನು. "ಅದ್ರಲ್ಲೇನಮ್ಮ ಗುಟ್ಟು?"

"ಗುಟ್ಟು ಹೌದೋ ಅಲ್ವೋ ಅಂತ ನಾನು ಹೇಳ್ಬೇಕು ಸ್ವಾಮಿ. ಆಸ್ಪತ್ರೆಯವರನ್ನ ನಂಬಿ ನಮ್ಮವ್ವ ಇಲ್ಲಿಗೆ ಬಂದಿದ್ದು. ನಿಮ್ಮ ಹೆಂಡ್ತಿ ಹೆರಿಗೆ ವಿಷಯಾನೂ ಟೀ ಕುಡಿಸಿದೋರಿಗೆಲ್ಲ ಓದಿ ಹೇಳ್ತೀರಾ?"

ಗುಮಾಸ್ತ ಜೋರು ಮಾಡಿದ. ಗಲಾಟೆ ಕೇಳಿ ಡಾಕ್ಟರ್ ಸುಮಿತ್ರಮ್ಮ ಹೊರಗೆ ಬಂದರು. ಎಲ್ಲ ಕೇಳಿ, "ದೂರು ಕೊಡ್ತೀರಾ? ಕೊಟ್ರೆ ನಿಮ್ಮ ಹೆಸರು ಇನ್ನಷ್ಟು ಜನರ ಬಾಯಿಗೆ ಬೀಳುತ್ತೆ" ಎಂದರು.

"ಬಿದ್ದಾಗಿದೆ ಮೇಡಂ. ಇನ್ನು ಬೇರೆಯವ್ರದ್ದು ಬೀಳಬಾರ್ದು" ಎಂದು ದೀಪಶ್ರೀ ಅಲ್ಲೇ ಕೂತು ದೂರು ಬರೆದಳು.

ಭಾನುವಾರ ಗಂಡಿನವರು ಬಂದರು. ದೀಪಶ್ರೀ ಕಾಫಿ ತರಲಿಲ್ಲ. ಬರಿಗೈಯಲ್ಲಿ ಬಂದು ನಿಂತಳು. "ನಿಮ್ಮಪ್ಪ ಇಲ್ಲ ಅನ್ನೋ ಒಂದೇ ಕಾರಣಕ್ಕೆ ನಿಮ್ಮನ್ನ ಇಲ್ಲಿಗೆ ಕರ್ಸಿದಾರೆ" ಎಂದಳು ಆ ಗಂಡಿಗೆ. "ನಿಮಗೂ ಇದು ಅವಮಾನ. ನಂಗೆ ಈ ಮದುವೆ ಬೇಡ."

ರಾಮಯ್ಯ ಎದ್ದ. "ನೀ ಹುಟ್ಟಿದ ಗಳಿಗೇನೇ ಕೆಟ್ಟದ್ದು!"

ಅಡುಗೆಮನೆಯಿಂದ ಗಂಗಾಮಣಿ ಬಂದಳು. ಪರರ ಮುಂದೆ ಎಂದೂ ಗಂಡನಿಗೆ ಎದುರುತ್ತರ ಕೊಟ್ಟವಳಲ್ಲ.

"ಆ ಗಳಿಗೆ ನಿಮ್ಗೇನ್ ಗೊತ್ತು? ರಕ್ತ ನಿಲ್ತಿರಲಿಲ್ಲ. ತಾಯಿ ಮಗು ಇಬ್ರೂ ಉಳಿಯಾಕಿಲ್ಲ ಅಂದಿದ್ರು. ಕೂಸು ಅಳೋದು ಕೇಳಿ ನಾ ಕಣ್ಣು ಬಿಟ್ಟೆ. ಇಬ್ರೂ ಉಳ್ಕಂಡ್ವಿ. ಆಗ ನೀವಲ್ಲಿ ಇದ್ರಾ? ಈ ವೀರಭದ್ರಯ್ಯ ಇದ್ನಾ?"

ಆ ಗಂಡೇ ಮೊದಲು ಎದ್ದು, ಕೈಮುಗಿದು ಹೊರಟ. ವೀರಭದ್ರಯ್ಯ ಚಪ್ಪಲಿ ಹುಡುಕತೊಡಗಿದ.

ರಾಮಯ್ಯ ಬಹಳ ದಿನ ಮಗಳನ್ನು ಮಾತಾಡಿಸಲಿಲ್ಲ. ಆಸ್ಪತ್ರೆಯಲ್ಲಿ ಗುಮಾಸ್ತನನ್ನು ಬೇರೆ ಕೆಲಸಕ್ಕೆ ಹಾಕಿ, ದಾಖಲೆಯ ಕಪಾಟಿಗೆ ಬೀಗ ಹಾಕಿದರು. ನಂಜಮ್ಮ ಹಾಲನ್ನು ಇನ್ನೂ ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಆದರೆ ಒಂದು ಸಂಜೆ, ಮಗಳು ನಯನಾಳಿಗೆ ಗಂಡು ನೋಡುತ್ತಿದ್ದ ಈರಮ್ಮ ಡೇರಿಗೆ ಬಂದು, ಎಲ್ಲರೂ ಹೋಗುವವರೆಗೆ ಕಾದಳು.

"ನಮ್ಮ ನಯನಂದು ಬೇರೆ ಆಸ್ಪತ್ರೆ ಕಣೆ. ಅಲ್ಲೂ ಅವಳ ದಾಖಲೆ ಯಾರ್ಗೂ ಕೊಡ್ಬ್ಯಾಡಿ ಅಂತ ಹೇಳ್ಬೇಕು. ನಂಗೊಬ್ಳಿಗೇ ಧೈರ್ಯ ಇಲ್ಲ. ಬತ್ತೀಯಾ?"

"ನಾಳೇನೇ ಹೋಗಾಣ ಬುಡಿ ಈರಕ್ಕ" ಎಂದಳು ದೀಪಶ್ರೀ. "ನಯನಾನೂ ಬರ್ಲಿ. ಅವಳೇ ಕೇಳ್ಲಿ."