ಹುಟ್ಟಿಲ್ಲದ ದೋಣಿ

"ಅಣ್ಣಾ, ನೀವು ಮುಂದೆ ಬನ್ನಿ. ಮನೆಯವರು ಪೆಟ್ಟಿಗೆ ಪಕ್ಕದಲ್ಲೇ ಇರ್ಬೇಕು."

ಸಿಸ್ಟರ್ ಸುಪ್ರಿಯಾ ಹಾಗೆ ಕರೆದಾಗ ಜಯಪ್ಪ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಹೆಂಡತಿ ವಸಂತಮ್ಮ ಅವನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದಳು.

ಶಿವಮೊಗ್ಗದ ಕಾನ್ವೆಂಟಿನ ಹಿತ್ತಲಲ್ಲಿ ಗುಂಡಿ ತೋಡಿಯಾಗಿತ್ತು. ಪೆಟ್ಟಿಗೆಯಲ್ಲಿದ್ದವಳು ಇಲ್ಲಿಯವರಿಗೆ ಸಿಸ್ಟರ್ ಬ್ರಿಜಿತ್, ಜಯಪ್ಪನಿಗೆ ಒಡಹುಟ್ಟಿದ ಅಕ್ಕ ಕರಿಬಸಮ್ಮ. ಹಾಸ್ಟೆಲಿನ ಮಕ್ಕಳಿಗೆ ಅಡುಗೆ ಮಾಡುತ್ತಲೇ ಮುದುಕಿಯಾದವಳು. ಜಯಪ್ಪನ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ. ಅದೇ ದಾರಿಯಲ್ಲಿ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ನಿವೃತ್ತಿಯವರೆಗೂ ಓಡಾಡಿದ ಜಯಪ್ಪ ಅಕ್ಕನನ್ನು ನೋಡಲು ಒಮ್ಮೆಯೂ ಬಂದಿರಲಿಲ್ಲ.

ಪಾದ್ರಿಗಳು ಬರುವುದು ಸ್ವಲ್ಪ ತಡವಾಯಿತು. ವಸಂತಮ್ಮನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ.

"ತಪ್ಪು ತಿಳ್ಕೋಬೇಡಿ ಸಿಸ್ಟರ್. ಅಕ್ಕನ ವ್ರತ ಕೆಡಬಾರ್ದು ಅಂತ ಇವರು ದೂರ ಇದ್ರು."

"ಯಾವ ವ್ರತ?" ಎಂದಳು ಸುಪ್ರಿಯಾ.

*

ಸಿಸ್ಟರ್ ಆಗಲು ಮನೆ ಬಿಡುವ ಹಿಂದಿನ ಸಂಜೆ ಕರಿಬಸಮ್ಮ ತಮ್ಮನನ್ನು ಭದ್ರಾ ನಾಲೆಯ ಏರಿಗೆ ಕರೆದುಕೊಂಡು ಹೋಗಿದ್ದಳು. ಇನ್ನು ಈ ಹೊಸಿಲು ತುಳಿಯಬೇಡ ಎಂದು ಅಪ್ಪ ಹೇಳಿಯಾಗಿತ್ತು.

"ಐರ್ಲೆಂಡ್ ಅಂತ ಒಂದು ದೇಶ ಕಣೋ. ನಮ್ಮ ಕಾನ್ವೆಂಟಿನ ಮದರ್ ಅಲ್ಲಿಯವರು. ಹಿಂದಿನ ಕಾಲದಲ್ಲಿ ಅಲ್ಲಿನ ಸನ್ಯಾಸಿಗಳು ನಮ್ಮ ಹರಿಗೋಲಿನ ಥರದ ಚರ್ಮದ ದೋಣಿ ಹತ್ತಿ ಸಮುದ್ರಕ್ಕೆ ಇಳೀತಿದ್ರಂತೆ. ಕೆಲವರು ಹುಟ್ಟೂ ಇಟ್ಕೊಳ್ತಿರ್ಲಿಲ್ಲ. ದೇವರು ತಳ್ಳಿದ ಕಡೆಗೆ ಹೋಗೋದು."

"ವಾಪಸ್ ಬರೋದು?"

"ಬರ್ತಿರ್ಲಿಲ್ಲ. ಅದೇ ಅವರ ವ್ರತ."

ಜಯಪ್ಪ ಅದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡ. ಅಪ್ಪ ಸತ್ತ ಮೇಲೆ ಹಾಸಿಗೆ ಹಿಡಿದ ಅವ್ವ, "ಅವಳನ್ನ ಒಂದ್ಸಲ ಕರ್ಸೋ" ಎಂದು ಗೋಗರೆದಾಗಲೂ, "ಕರೆದ್ರೆ ಅವಳ ವ್ರತ ಕೆಡುತ್ತೆ ಅವ್ವ" ಎಂದು ಸಮಾಧಾನ ಹೇಳಿದ್ದ. ಒಮ್ಮೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದಿದ್ದ ಅಕ್ಕ ಅವನನ್ನು ಕಂಡು ಹತ್ತಿರ ಬರತೊಡಗಿದ್ದಳು. ಜಯಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ತಿರುಗಿ ನೋಡುವಷ್ಟರಲ್ಲಿ ಅವಳಿರಲಿಲ್ಲ. ಅಕ್ಕನ ವ್ರತ ಉಳಿಸಿದೆನೆಂದು ಅವತ್ತು ಅವನಿಗೆ ಹೆಮ್ಮೆಯೇ ಆಗಿತ್ತು.

*

"ಆ ಕತೆ ನಮಗೂ ಹೇಳ್ತಿದ್ರು," ಎಂದಳು, ಜಯಪ್ಪನಿಂದ ದೋಣಿಯ ಕತೆ ಕೇಳಿದ ಸುಪ್ರಿಯಾ. "ಆದ್ರೆ ಅದು ಆ ಕಾಲದವರ ಮಾತು ಅಣ್ಣ. ನಮಗೆ ಅಂಥ ವ್ರತ ಇಲ್ಲ. ವರ್ಷಕ್ಕೊಂದ್ಸಲ ರಜೆ ಸಿಗುತ್ತೆ, ಎಲ್ಲರೂ ಮನೆಗೆ ಹೋಗ್ತೀವಿ."

ಜಯಪ್ಪ ಅವಳ ಮುಖವನ್ನೇ ನೋಡಿದ. "ಅಕ್ಕ?"

"ಇಲ್ಲೇ ಉಳೀತಿದ್ರು. ಯಾಕೆ ಹೋಗಲ್ಲ ಅಂತ ಕೇಳಿದ್ರೆ, 'ತಮ್ಮ ಕರೀಲಿ, ಹೋಗ್ತೀನಿ' ಅಂತಿದ್ರು."

ಜಯಪ್ಪ ಪೆಟ್ಟಿಗೆಯ ಕಡೆ ತಿರುಗಿದ. ಸುಪ್ರಿಯಾ ತಾನೇ ಮುಂದುವರಿಸಿದಳು. "ಅದೇ ಸನ್ಯಾಸಿಗಳಲ್ಲಿ ಒಬ್ಬರು ದೂರದ ದ್ವೀಪದಲ್ಲಿದ್ದಾಗ, ಅವರ ಊರಿನ ಕಡೆಯಿಂದ ಒಂದು ಕೊಕ್ಕರೆ ಹಾರಿ ಬಂದು ದಡದಲ್ಲಿ ಸುಸ್ತಾಗಿ ಬಿತ್ತಂತೆ. ನಮ್ಮೂರಿನ ಹಕ್ಕಿ ಅಂತ ಅದಕ್ಕೆ ಆರೈಕೆ ಮಾಡಿಸಿ ಕಳಿಸಿದ್ರಂತೆ. ಆ ಭಾಗ ನಿಮಗೆ ಹೇಳಿರ್ಲಿಲ್ವಾ?"

"ಇಲ್ಲ."

"ಭದ್ರಾವತಿ ಹುಡುಗಿ ಯಾರೇ ಹಾಸ್ಟೆಲಿಗೆ ಸೇರಿದ್ರೂ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕೋರು. ಜನ್ನಾಪುರದ ಕಡೆಯವಳಾ ಅಂತ ಕೇಳೋರು."

ಪಾದ್ರಿಗಳು ಬಂದರು. ಪ್ರಾರ್ಥನೆ ಮುಗಿದು ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಮಣ್ಣು ತಮ್ಮನದೆಂದು ಎಲ್ಲರೂ ದಾರಿ ಬಿಟ್ಟರು. ಜಯಪ್ಪ ಹಿಡಿ ಮಣ್ಣು ತೆಗೆದುಕೊಂಡ, ಹಾಕಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಗಂಡನ ಮನೆಯಿಂದ ಅಕ್ಕನನ್ನು ಕರೆಯಲು ಬಂದ ತಮ್ಮನ ಹಾಗೆ ಮೆಲ್ಲಗೆ ಹೇಳಿದ.

"ಅಕ್ಕಾ, ಗೌರಿ ಹಬ್ಬ ಬಂತು. ಹೊರಡು, ಮನೆಗೆ ಹೋಗಣ."

ಗುಂಡಿ ಮುಚ್ಚಲು ಸಲಿಕೆ ತುಂಬ ಮಣ್ಣು ಎತ್ತಿದ್ದ ಇಬ್ಬರು ಆಳುಗಳು ಅದನ್ನು ಹಾಗೇ ಹಿಡಿದುಕೊಂಡು, ಅವಳ ಉತ್ತರಕ್ಕೆ ಕಾಯುವವರಂತೆ ನಿಂತರು.