ಗೋಲಿ ಇಟ್ಟ ಜಾಗ

ಡಾಕ್ಟರಮ್ಮ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿ, "ಇನ್ನೇನಾದ್ರೂ ಕೇಳೋದಿದ್ಯಾ?" ಅಂದಾಗ ಅವಳು ಗಂಡನ ಮುಖ ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ. ಕೇಳಬೇಕಾದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಡಲು ಇಬ್ಬರಿಗೂ ನಾಚಿಕೆ.

ಕೊನೆಗೆ ಅವಳೇ ಕೇಳಿದಳು. "ಆಪರೇಷನ್ ಆದ್ಮೇಲೆ ಹೊಕ್ಕುಳಲ್ಲಿ ಒಂದು ಬೆರಳು ಹಿಡಿಸುತ್ತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರ ಬೆರಳು?"

"ನಮ್ಮ ಮಗಳದು."

ಮಗಳಿಗೆ ಐದು ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಪಿಟ್ಟೆ ಅಂತ. ಹುಟ್ಟುವಾಗಲೇ ನಾಲ್ಕೂಕಾಲು ಕಿಲೋ ತೂಗಿದ ಕೂಸಿಗೆ ಆ ಹೆಸರು ಯಾರು ಅಂಟಿಸಿದರೋ ಏನೋ. ಅವಳನ್ನು ಹೊತ್ತು ಹೊತ್ತು ಅಮ್ಮನ ಹೊಟ್ಟೆಯ ಸ್ನಾಯುಗಳು ನಟ್ಟನಡುವೆ ಎರಡು ಪಾಲಾಗಿ, ನಾಲ್ಕು ಬೆರಳು ತೂರುವಷ್ಟು ಸಂದು ಬಿಟ್ಟಿದ್ದವು. ಎರಡು ವರ್ಷ ವ್ಯಾಯಾಮ ಮಾಡಿದರೂ ಆ ಸಂದು ಕೂಡಲಿಲ್ಲ. ಮೇಲಿನ ಚರ್ಮ ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. ಅದನ್ನಾದರೂ ಸೀರೆಯೊಳಗೆ ಮುಚ್ಚಿಕೊಳ್ಳಬಹುದು, ಬೆನ್ನುನೋವನ್ನು ಎಲ್ಲಿ ಮುಚ್ಚಿಡುವುದು? ಅವಳದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಾಜು ಎತ್ತಬೇಕು, ಇಳಿಸಬೇಕು. ಒಂದು ದಿನ ಆಳೆತ್ತರದ ಗಾಜೊಂದು ಕೈಜಾರಿ ಪಾದದ ಪಕ್ಕದಲ್ಲೇ ಪುಡಿಯಾದಾಗ, ಇನ್ನು ಮುಂದೂಡುವ ಹಾಗಿಲ್ಲ ಅನ್ನಿಸಿತು.

ಅಡ್ಡ ಬಂದದ್ದು ಪಿಟ್ಟೆಯ ಬೆರಳು. ಎದೆಹಾಲು ಬಿಡಿಸಿದ ವಾರವೇ ಅವಳು ಅಮ್ಮನ ಹೊಕ್ಕುಳನ್ನು ಪತ್ತೆ ಮಾಡಿದ್ದಳು. ಬಲಗೈ ಹೆಬ್ಬೆರಳು ಬಾಯಿಗೆ, ಎಡಗೈ ಬೆರಳು ಹೊಕ್ಕುಳಿಗೆ. ಎರಡೂ ಕಡೆ ಸೇರಿದ ಮೇಲೆ ಎರಡೇ ನಿಮಿಷ, ನಿದ್ದೆ. "ಪ್ಲಗ್ ಹಾಕಿದ್ಲು, ಇನ್ನು ಚಾರ್ಜಾಗ್ತಾಳೆ," ಅನ್ನುತ್ತಿದ್ದ ಗಂಡ. ಅತ್ತೆ ಈ ಎರಡು ಚಾಳಿಯನ್ನೂ ಬಿಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ದಿಂಬಿಗೆ ತೂತು ಮಾಡಿ, ಅಂಚು ನೀಟಾಗಿ ಹೊಲಿದು ಕೊಟ್ಟರು. ಪಿಟ್ಟೆ ಬೆರಳಿಟ್ಟು ನೋಡಿ, "ಅಜ್ಜಿ, ಇದು ತಣ್ಣಗಿದೆ," ಅಂತ ವಾಪಸ್ ಕೊಟ್ಟಳು.

ಇಷ್ಟನ್ನೂ ಕೇಳಿ ಡಾಕ್ಟರಮ್ಮ ನಗಲಿಲ್ಲ. ಒಂದು ಹಾಳೆ ಎಳೆದುಕೊಂಡು ಹೊಟ್ಟೆಯ ಚಿತ್ರ ಬರೆದರು.

"ಹೊಕ್ಕುಳನ್ನ ಕಿತ್ತು ಬೇರೆ ಕಡೆ ನೆಡ್ತೀವಿ ಅಂತ ಜನ ಅಂದ್ಕೊಂಡಿರ್ತಾರೆ. ಹಾಗಲ್ಲಮ್ಮ. ಅದರ ಸುತ್ತ ಬಿಡಿಸಿ, ಅದನ್ನ ಬುಡದ ಮೇಲೆ ಹಾಗೇ ಬಿಡ್ತೀವಿ. ಕೆಳಗೆ ಸೊಂಟದಿಂದ ಸೊಂಟಕ್ಕೆ ಕೊಯ್ದು, ಚರ್ಮವನ್ನ ಪಕ್ಕೆಲುಬಿನ ತನಕ ಎತ್ತಿ, ಒಳಗಿನ ಸ್ನಾಯು ಕೂಡಿಸಿ ಹೊಲೀತೀವಿ. ಆಮೇಲೆ ಚರ್ಮವನ್ನ ಕೆಳಗೆಳೆದು, ಹೆಚ್ಚಾದದ್ದನ್ನ ಕತ್ತರಿಸಿ ತೆಗೀತೀವಿ. ಹಳೇ ತೂತು ಅದರ ಜೊತೆಗೇ ಹೋಗುತ್ತೆ. ಹೊಕ್ಕುಳು ಇರೋ ಕಡೆ ಹೊಸ ತೂತು ಮಾಡಿ, ಅದನ್ನ ಹೊರಗೆ ತಂದು ಅಂಚು ಕೂಡಿಸ್ತೀವಿ."

ಅವಳಿಗೆ ಥಟ್ಟನೆ ಅರ್ಥವಾಯಿತು. "ಅಂದ್ರೆ ನಮ್ಮ ಅಂಗಡೀಲಿ ಕಟ್ಟು ಹಾಕೋ ಹಾಗೆ. ಫೋಟೋ ಅಲ್ಲೇ ಇರುತ್ತೆ. ಮೇಲಿನ ರಟ್ಟು ಜರುಗಿಸಿ, ಕಿಟಕಿ ಮಾತ್ರ ಹೊಸದಾಗಿ ಕೊಯ್ತೀರಿ."

"ಇಷ್ಟು ವರ್ಷದಲ್ಲಿ ನನಗೆ ಇಷ್ಟು ಚೆನ್ನಾಗಿ ಹೇಳಕ್ಕೆ ಬಂದಿಲ್ಲ ನೋಡಿ," ಅಂದರು ಡಾಕ್ಟರಮ್ಮ.

ಆಮೇಲೆ ಹಳೆಯ ಆಪರೇಷನ್‌ಗಳ ಫೋಟೋ ತೋರಿಸಿದರು. ಮುಖವಿಲ್ಲದ ಹೊಟ್ಟೆಗಳು. ಕೆಲವು ಹೊಕ್ಕುಳು ಅಂಟಿಸಿದ ನಾಣ್ಯದ ಹಾಗೆ ದುಂಡಗೆ, ಸುತ್ತ ಗಾಯದ ಗೆರೆ ಎದ್ದು ಕಾಣುತ್ತಿತ್ತು. "ಇವು ನನ್ನ ಶುರುವಿನ ಕಾಲದ್ದು," ಅಂದರು, ಮುಚ್ಚುಮರೆ ಮಾಡದೆ. "ದುಂಡಗೆ ಕೊಯ್ದರೆ, ಗಾಯ ಮಾಗುವಾಗ ಚೀಲದ ಬಾಯಿಗೆ ದಾರ ಎಳೆದ ಹಾಗೆ ಮುದುಡಿಕೊಳ್ಳುತ್ತೆ. ಈಗ ಉದ್ದುದ್ದಕ್ಕೆ ಕೊಯ್ತೀನಿ. ಸುತ್ತಲಿನ ಕೊಬ್ಬು ಸ್ವಲ್ಪ ತೆಗೆದು, ಚರ್ಮವನ್ನ ಒಳಗಿನ ಗೋಡೆಗೇ ಸೇರಿಸಿ ಹೊಲೀತೀನಿ. ಗೆರೆ ಗುಳಿಯೊಳಗೆ ಅಡಗಿಕೊಳ್ಳುತ್ತೆ, ಮೇಲ್ಗಡೆ ಸಣ್ಣ ಸೂರಿನ ಹಾಗೆ ಒಂದು ಮಡಿಕೆ ಬರುತ್ತೆ. ಎಲ್ಲರೂ ಚಿಕ್ಕದು ಮಾಡಿ ಅಂತಾರೆ. ಬೆರಳಿನ ಅಳತೆಗೆ ಕೇಳಿದವರು ನೀವೇ ಮೊದಲು."

ಹೇಳಬೇಕಾದ ಅಪಾಯಗಳನ್ನೂ ಒಂದೊಂದಾಗಿ ಹೇಳಿದರು. ಸೋಂಕಾಗಬಹುದು, ನೀರು ತುಂಬಬಹುದು, ಹೊಕ್ಕುಳಿಗೆ ರಕ್ತ ಸಾಲದೆ ಅದು ಹಾಳಾಗಲೂಬಹುದು. ಹೊಟ್ಟೆಯ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಕೆಲವರಿಗೆ ಸ್ಪರ್ಶ ಪೂರ್ತಿ ಮರಳುವುದೇ ಇಲ್ಲ. ಅವಳು ಎಲ್ಲದಕ್ಕೂ ಹೂಂಗುಟ್ಟಿ ಸಹಿ ಹಾಕಿದಳು. ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಬೆರಳಿನ ಅಳತೆ.

ಮಾರನೇ ದಿನ ಅಂಗಡಿಯ ದಪ್ಪ ರಟ್ಟಿನ ತುಂಡಿಗೆ ತೂತು ಕೊರೆದು, ಪಿಟ್ಟೆಯ ತೋರುಬೆರಳಿಗೆ ಸರಿಹೊಂದಿಸಿದಳು. ಮುಂದಿನ ಭೇಟಿಗೆ ಪಿಟ್ಟೆಯನ್ನೂ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಟ್ಟು ಹಿಡಿದು, "ಇಷ್ಟು ಸಾಕಾ?" ಅಂತ ಪಿಟ್ಟೆಯನ್ನೇ ಕೇಳಿದರು.

"ಸಾಲಲ್ಲ. ಮೊದಲು ಈ ಬೆರಳು, ನಿದ್ದೆ ಬರೋವಾಗ ಈ ಬೆರಳೂ," ಅಂದಳು ಪಿಟ್ಟೆ, ಎರಡು ಬೆರಳೆತ್ತಿ.

ಅಮ್ಮ ತಬ್ಬಿಬ್ಬಾದಳು. ಇಷ್ಟು ವರ್ಷ ಅವಳು ಒಂದೇ ಅಂದುಕೊಂಡಿದ್ದಳು.

"ಎರಡು ಆಗಲ್ಲ ಮರಿ. ಒಂದಕ್ಕೆ ಒಪ್ಕೋ," ಅಂದರು ಡಾಕ್ಟರಮ್ಮ.

"ಹಾಗಾದ್ರೆ ಹೆಬ್ಬೆರಳು."

"ತೋರುಬೆರಳು. ಇದೇ ಕೊನೇ ಮಾತು."

ಪಿಟ್ಟೆ ತನ್ನ ತೋರುಬೆರಳನ್ನು ತಿರುಗಿಸಿ ನೋಡಿಕೊಂಡು, "ಆಯ್ತು. ಆದ್ರೆ ಆಳ ಇರ್ಬೇಕು," ಅಂದಳು. ಪಕ್ಕದಲ್ಲಿದ್ದ ನರ್ಸು ಮುಖ ತಿರುಗಿಸಿಕೊಂಡು ನಕ್ಕಳು.

ಆಪರೇಷನ್ ನಾಲ್ಕು ಗಂಟೆ ಹಿಡಿಯಿತು. ಮೂರನೇ ದಿನ ಅವಳು ಬಿಗಿ ಪಟ್ಟಿ ಕಟ್ಟಿಕೊಂಡು, ಬಿದ್ದ ಸೂಜಿ ಹುಡುಕುವವಳ ಹಾಗೆ ಬಗ್ಗಿಕೊಂಡೇ ಮನೆಗೆ ಬಂದಳು. "ನನಗಿಂತ ನೀನೇ ಮುದುಕಿಯಾದೆಯಲ್ಲೇ," ಅಂದರು ಅತ್ತೆ. ನಗಬೇಡಿ ಅಂದಿದ್ದರು ಡಾಕ್ಟರಮ್ಮ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡಳು.

ಪಿಟ್ಟೆಯ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು. ಎರಡನೇ ದಿನ ಬೆಳಿಗ್ಗೆ ಬಂದು ವರದಿ ಒಪ್ಪಿಸಿದಳು. "ಅಜ್ಜೀದು ತುಂಬಾ ದೊಡ್ಡದು. ಬೆರಳು ಕಳೆದುಹೋಗುತ್ತೆ."

"ನಿನ್ನ ಬಾಯಿಗಿಷ್ಟು!" ಅಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ.

ಹತ್ತನೇ ದಿನ ಹೊಲಿಗೆ ಬಿಚ್ಚುವಾಗ ಪಿಟ್ಟೆ ಜೊತೆಗೇ ನಿಂತಿದ್ದಳು. ಹೊಕ್ಕುಳು ಊದಿಕೊಂಡು, ಕೆನ್ನೀಲಿಯಾಗಿ, ಒಂದು ಕಡೆ ಒಸರುತ್ತಿತ್ತು. "ಅದು ಅಳ್ತಾ ಇದೆ," ಅಂದಳು ಪಿಟ್ಟೆ, ಸಣ್ಣ ದನಿಯಲ್ಲಿ. ಅಮ್ಮನಿಗೆ ಹಾಳಾಗಲೂಬಹುದು ಅಂದ ಮಾತು ನೆನಪಿಗೆ ಬಂತು. ಡಾಕ್ಟರಮ್ಮ ಒತ್ತಿ ನೋಡಿ, ಬಣ್ಣ ಮರಳುವುದನ್ನು ಕಂಡು, "ಜೀವ ಇದೆ, ಹೆದರಬೇಡಿ," ಅಂದರು.

ನಾಲ್ಕನೇ ವಾರಕ್ಕೆ ಗಾಯ ಒಣಗಿತು. ಆದರೆ ಹೊಕ್ಕುಳಿನ ಬಾಯಿ ಮುದುಡತೊಡಗಿತ್ತು. ಅದು ಮುಚ್ಚಿಕೊಳ್ಳದಂತೆ ಕೆಲವು ವಾರ ಒಳಗೆ ಏನಾದರೂ ದುಂಡಗಿನದನ್ನು ಇಟ್ಟಿರಬೇಕು, ಕೆಲವರಿಗೆ ಗೋಲಿಯನ್ನೇ ಇಡುತ್ತೇವೆ ಅಂದರು ಡಾಕ್ಟರಮ್ಮ. ಪಿಟ್ಟೆ ತಕ್ಷಣ ಅಂಗಿಯ ಜೇಬಿಗೆ ಕೈಹಾಕಿದಳು. ಹಸಿರು ಎಳೆಯಿದ್ದ ಗಾಜಿನ ಗೋಲಿ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಒಡಕಿಲ್ಲವೆಂದು ನೋಡಿ, ಎತ್ತಿಟ್ಟಿದ್ದ ಅಳತೆಯ ರಟ್ಟಿನ ತೂತಿಗೆ ಹಾಕಿದರು. ಗೋಲಿ ಬಿಗಿಯಾಗಿ ಕೂತಿತು. ನರ್ಸು ಅದನ್ನು ಕುದಿಸಿ ತಂದು ಇಟ್ಟು, ಮೇಲೆ ಪಟ್ಟಿ ಅಂಟಿಸಿದಳು.

"ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗಾಯ್ತು," ಅಂದ ಗಂಡ. "ಇನ್ಯಾರೂ ಕೂರೋ ಹಾಗಿಲ್ಲ."

ದಿನಕ್ಕೊಮ್ಮೆ ಸ್ನಾನದ ಹೊತ್ತಿಗೆ ಗೋಲಿ ತೊಳೆಯುವ ಕೆಲಸ ಪಿಟ್ಟೆಯದಾಯಿತು. ಕೈಗೆ ಮೂರು ಸಲ ಸೋಪು ಹಚ್ಚಿಕೊಂಡು, ಗೋಲಿಗೂ ಹಚ್ಚಿ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಅಮ್ಮನಿಗೆ ಕೊಡುತ್ತಿದ್ದಳು. ಹೊಕ್ಕುಳು ಮುಟ್ಟುತ್ತೇನೆಂದು ಒಮ್ಮೆಯೂ ಹಟ ಮಾಡಲಿಲ್ಲ. ಯಾವತ್ತು ಅಂತ ಮಾತ್ರ ದಿನವೂ ಕೇಳುತ್ತಿದ್ದಳು.

ಆ ದಿನ ಮೂರು ತಿಂಗಳಿಗೆ ಬಂತು. ಅಮ್ಮ ಅಂಗಡಿಗೆ ಮರಳಿ ಒಂದು ವಾರವಾಗಿತ್ತು. ಚಿಕ್ಕ ಗಾಜುಗಳನ್ನು ನೋವಿಲ್ಲದೆ ಎತ್ತುತ್ತಿದ್ದಳು. ಡಾಕ್ಟರಮ್ಮ ಇನ್ನು ಗೋಲಿ ಬೇಡ ಅಂದಿದ್ದರು. ರಜೆಯ ಮಧ್ಯಾಹ್ನ, ಊಟ ಮುಗಿದು ಪಾತ್ರೆ ತೊಳೆದಿಟ್ಟು ಬಂದು ಅವಳು ಹಾಸಿಗೆಯ ಮೇಲೆ ಕಾಲು ಚಾಚಿದಳು. ಪಿಟ್ಟೆ ಹೇಳದೆಯೇ ಕೈ ತೊಳೆದು ಬಂದು, ಪಕ್ಕದಲ್ಲಿ ಮಲಗಿ, ಹೆಬ್ಬೆರಳು ಬಾಯಿಗಿಟ್ಟುಕೊಂಡಳು. ಎಡಗೈ ನಿಧಾನವಾಗಿ ಸೀರೆಯ ಅಂಚಿಗೆ ಬಂತು.

ಅಮ್ಮ ಕಾದಳು.

"ಬಾಯಿ ಚಿಕ್ಕದಾಗಿದೆ," ಅಂದಳು ಪಿಟ್ಟೆ, ಹೆಬ್ಬೆರಳಿನ ಸಂದಿಯಿಂದಲೇ. ಸ್ವಲ್ಪ ತಡೆದು, "ಒಳಗೆ ಬೆಚ್ಚಗಿದೆ. ಅದೇ ಇದು."

ಅಮ್ಮ ಇನ್ನೂ ಕಾಯುತ್ತಲೇ ಇದ್ದಳು. ಬೆರಳು ಬರಲಿಲ್ಲ, ಅಂದರೆ ಬಂದದ್ದು ಅವಳಿಗೆ ತಿಳಿಯಲಿಲ್ಲ. ಆ ಪುಟ್ಟ ಉಗುರು, ಅದು ಒಮ್ಮೆ ಒಳಗೆ ತಿರುಗಿ ನೆಲೆನಿಲ್ಲುವ ಬಗೆ, ಯಾವುದೂ ಇಲ್ಲ. ತಲೆಯೆತ್ತಿ ನೋಡಿದಳು. ಬೆರಳು ಮೊದಲ ಗೆಣ್ಣಿನವರೆಗೂ ಒಳಗಿತ್ತು. ಚರ್ಮ ಮರಗಟ್ಟಿರುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು, ಅವಳು ಹೂಂ ಅಂದಿದ್ದಳು. ಮಗುವಿಗೆ ಬೇಕೆಂದು ಅಷ್ಟು ಅಳತೆ ಹಿಡಿದು ಉಳಿಸಿಕೊಂಡದ್ದು ತನಗೂ ಬೇಕಾಗಿತ್ತೆಂದು ಅವಳಿಗೆ ಈಗ ಗೊತ್ತಾಯಿತು.

"ಇಟ್ಟಿದ್ದೀಯಾ?" ಅಂದಳು.

"ಹೂಂ. ನಿಂಗೆ ಗೊತ್ತಾಗಲ್ವಾ?"

"ಇಲ್ಲ ಕಂದಾ. ಅಲ್ಲಿ ಇನ್ನೂ ನಿದ್ದೆ. ಯಾವಾಗ ಏಳುತ್ತೋ ಗೊತ್ತಿಲ್ಲ."

ಪಿಟ್ಟೆ ಬಾಯಿಂದ ಹೆಬ್ಬೆರಳು ತೆಗೆದು ಅಂಗಿಗೆ ಒರೆಸಿಕೊಂಡಳು. "ಹಾಗಾದ್ರೆ ನಾನೇ ಹೇಳ್ತಿರ್ತೀನಿ."

"ಹೇಳು."

"ಇದೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇದೆ." ಹೊರಗೆ ಯಾರೋ ಬಟ್ಟೆ ಒದರಿ ಹರವುತ್ತಿದ್ದರು. "ಇದೆ ಅಮ್ಮ." ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಕೊನೆಯ 'ಇದೆ' ಅರ್ಧಕ್ಕೇ ನಿಂತಿತು.

ಆಮೇಲೆ ಬಾಗಿಲಲ್ಲಿ ಇಣುಕಿದ ಅತ್ತೆ, ಮಲಗಿದ ಮೊಮ್ಮಗಳ ಬಾಯಿ ನೋಡಿ ಹುಬ್ಬೇರಿಸಿದರು. ಹೆಬ್ಬೆರಳು ಹೊರಗೇ ಇತ್ತು.

"ಬಾಯಿಂದು ಬಿಟ್ಲಾ?" ಅಂದರು ಪಿಸುದನಿಯಲ್ಲಿ.

"ಮಾತಾಡೋ ಕೆಲಸ ಇತ್ತಲ್ಲ ಅತ್ತೆ."

"ಮತ್ತೆ ಹೊಕ್ಕುಳಿಂದು?"

ಅವಳು ತಲೆಯೆತ್ತಿ ಕೆಳಗೆ ನೋಡಿದಳು. "ಇದೆ," ಅಂದಳು.