ಅನೀಸಾ ಮನಿ

ಶವ ಹೊತ್ತ ಜನಾಜಾ ಅಂಗಳದಿಂದ ಎದ್ದಾಗಲೇ ನಸ್ರೀನಳ ಕೈಯಲ್ಲಿದ್ದ ತಾಯಿಯ ಫೋನು ಮತ್ತೆ ರಿಂಗಾಯಿತು. ಆರೋಗ್ಯ ಕೇಂದ್ರದ ಮೇಲಧಿಕಾರಿ.

"ಅನೀಸಾ, ಹನ್ನೆರಡು ಮನಿ ಸರ್ವೇ ಬಾಕಿ ಐತಿ. ಸಂಜೀ ಒಳಗ ಹಾಕು."

"ಅಮ್ಮಿ ನಿನ್ನೆ ತೀರ್ಕೊಂಡಾರ್ರೀ."

"ಅಯ್ಯ, ಪಾಪ. ಹಂಗಾರ ಆ ಫೋನು ಆಫೀಸಿಗೆ ಮುಟ್ಟಸ್ರಿ."

ಗಂಡಸರು ಕಬ್ಬಿನ ನಡುವಿನ ಇಕ್ಕಟ್ಟು ದಾರಿ ಹಿಡಿದರು. ಹೆಂಗಸರು ಕಬರಸ್ತಾನಕ್ಕೆ ಹೋಗುವಂತಿಲ್ಲ. ಗಂಡನ ಮನೆಯಿಂದ ಬೆಳಿಗ್ಗೆಯಷ್ಟೇ ಬಂದಿದ್ದ ನಸ್ರೀನ ಹೊಸ್ತಿಲಲ್ಲೇ ಉಳಿದಳು.

"ಹನ್ನೊಂದು ವರ್ಷ ಗೌಳೇರ ಸಲುವಾಗಿ ಚಪ್ಪಲಿ ಸವೆಸಿದ್ಲು," ತಾಯಿಯ ತಂಗಿ ರಜಿಯಾ ಖಾಲಾ ಹೇಳಿದಳು. "ಒಬ್ಬರರ ಬಂದ್ರೇನು?"

*

ಎಮ್ಮೆ ಸಾಕುವ ಗೌಳಿಗರು ಇರುವ, ಕಾಡಿನೊಳಗಿನ ಗೌಳಿವಾಡಕ್ಕೆ ನಕಾಶೆಯಲ್ಲಿ ಹೆಸರಿಲ್ಲ. ಆಂಬ್ಯುಲೆನ್ಸಿಗೆ ಫೋನು ಮಾಡಿದರೆ 'ಯಾವ ಊರು' ಎಂಬಲ್ಲೇ ಮಾತು ನಿಲ್ಲುತ್ತಿತ್ತು. ಆಶಾ ಕಾರ್ಯಕರ್ತೆ ಅನೀಸಾ ವಾಡದ ಹೆಂಗಸರಿಗೆ ಪಾಠ ಮಾಡಿದ್ದಳು: "ಯಾರ ಕೇಳಿದ್ರೂ ಅನೀಸಾ ಮನಿ ಅನ್ರಿ. ಗಾಡಿ ನನ್ನ ಬಾಗಿಲಿಗೆ ಬರ್ತೈತಿ. ಮುಂದ ನಾ ಕರ್ಕೊಂಡು ಬರ್ತೇನಿ."

"ನೀ ಮನ್ಯಾಗ ಇರಲಿಲ್ಲಂದ್ರ?" ಮಾಲವ್ವ ಕೇಳಿದ್ದಳು.

"ನಾ ಎಲ್ಲಿ ಹೋಗ್ಲೆವ್ವಾ, ದುಬೈಗೆ?"

ನಿನ್ನೆ ವಾಡಕ್ಕೆ ಬಿ.ಪಿ. ನೋಡಲು ಹೋದ ಅನೀಸಾ ಮಾಲವ್ವನ ಕೊಟ್ಟಿಗೆಯ ಮುಂದೆ ಎದೆ ಹಿಡಿದು ಕುಸಿದಳು. ಮಾಲವ್ವ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಕಲಿಸಿದಂತೆಯೇ ಹೇಳಿದಳು. ಗಾಡಿ ಅನೀಸಾಳ ಮನೆಗೆ ಬಂತು. ಬೀಗ ನೋಡಿ ತಿರುಗಿ ಹೋಯಿತು.

*

ಜನಾಜಾ ಹೋದ ಸ್ವಲ್ಪ ಹೊತ್ತಿಗೆ ಸೈರನ್ ಕೇಳಿಸಿತು. ಆಂಬ್ಯುಲೆನ್ಸು ಬಾಗಿಲಿಗೇ ಬಂದು ನಿಂತಿತು. ಡ್ರೈವರ್ ವೀರೇಶ ತಲೆ ಹೊರಹಾಕಿದ.

"ನಿನ್ನೆ ಬರೂದಿತ್ತಪಾ," ಖಾಲಾ ಸಿಡಿದಳು.

"ನಿನ್ನೇನೂ ಬಂದಿದ್ದೆ. ಇವತ್ತೂ ಅನೀಸಾ ಮನಿ ಅಂತನ ಫೋನು. ಮಾಲವ್ವನ ಸೊಸಿ, ಹೆರಿಗಿ ಕೇಸು."

"ಸತ್ತಾಕಿ ಮನಿ ಹೇಳಾಕ ನಾಚ್ಗಿ ಇಲ್ಲೇನು?"

"ಮತ್ತೇನ ಹೇಳ್ಬೇಕ್ರೀ? ದಾರಿ ಗೊತ್ತಿದ್ದವರು ಯಾರರ ಬರ್ರಿ."

ಯಾರೂ ಅಲುಗಲಿಲ್ಲ. ಚಿಕ್ಕಂದಿನಲ್ಲಿ ಲಸಿಕೆಯ ಡಬ್ಬಿ ಹಿಡಿದು ತಾಯಿಯ ಹಿಂದೆ ಹೋಗುತ್ತಿದ್ದವಳು ನಸ್ರೀನ ಒಬ್ಬಳೇ.

"ನಿನ್ನೆ ಹಾರ್ನ್ ಎಷ್ಟ ಸಲ ಹೊಡದ್ರಿ?" ಅವಳು ಕೇಳಿದಳು.

ವೀರೇಶ ನೆಲ ನೋಡಿದ. "ಮೂರ ಸಲ."

ಅವಳು ಫೋನನ್ನು ಖಾಲಾಳ ಕೈಗೆ ತುರುಕಿ ಗಾಡಿ ಹತ್ತಿದಳು.

ಕಬ್ಬಿನ ದಾರಿಯಲ್ಲಿ ಜನಾಜಾ ಮುಂದೆ ಸಾಗುತ್ತಿತ್ತು. ವೀರೇಶ ಸೈರನ್ ನಿಲ್ಲಿಸಿದ. ಹೆಗಲು ಕೊಟ್ಟಿದ್ದ ಅನೀಸಾಳ ಅಣ್ಣ ಸುಭಾನಿ ಮಾಮು ತಿರುಗಿ ನೋಡಿ, ಮುಂದಿನ ಸೀಟಿನಲ್ಲಿದ್ದ ನಸ್ರೀನಳನ್ನು ಗುರುತಿಸಿದ. ಹೊತ್ತವರನ್ನೆಲ್ಲ ಎಡಕ್ಕೆ, ಕಬ್ಬಿನೊಳಕ್ಕೆ ಸರಿಸಿದ.

"ಮುಂದ ಯಾ ಕಡೆ?" ಜನಾಜಾದ ಪಕ್ಕದಲ್ಲೇ ಗಾಡಿ ಸರಿಸುತ್ತ ವೀರೇಶ ಕೇಳಿದ.

ನಸ್ರೀನ ಕಿಟಕಿಯಿಂದ ಕೈ ಚಾಚಿ ಎಡಕ್ಕೆ ತೋರಿಸಿದಳು. ಬೆರಳ ತುದಿಗೆ ತಾಯಿಗೆ ಹೊದಿಸಿದ್ದ ಚಾದರದ ಅಂಚು ತಾಕಿತು.